ಕೀರ್ತಿಶೇಷ ಹೆಬ್ಬೆರಳು

ಬೀಜಾಡಿಯ ಗುಡ್ಡನಿಗೆ ಒಂಬತ್ತೇ ಬೆರಳು. ಹತ್ತನೆಯದು, ಎಡಗೈಯ ಹೆಬ್ಬೆರಳು, 2003ರ ಜನವರಿಯಲ್ಲಿ ಟ್ರಾಲ್ ಬೋಟಿನ ಮೇಲೆ ಕೀರ್ತಿಶೇಷವಾಯಿತು. ಉಳಿದ ಆ ಕೀರ್ತಿಯನ್ನು ಗುಡ್ಡ ಚೆನ್ನಾಗಿ ಸಾಕಿ ಬೆಳೆಸಿದ.

ಆಸ್ಪತ್ರೆಯಿಂದ ಬಂದ ವಾರದಲ್ಲೇ ಕಡಲ ಬದಿಯ ಬಲೆ ಹೊಲಿಯುವ ಚಪ್ಪರದಲ್ಲಿ ಕಥೆ ಶುರುವಾಯಿತು. ಮೊದಲ ದಿನ, ಬಲೆ ಎಳೆಯುವ ವಿಂಚಿನ ಹಗ್ಗಕ್ಕೆ ಬೆರಳು ಸಿಕ್ಕಿತು ಎಂದಷ್ಟೇ ಇತ್ತು. ಕೇಳುವವರು ಆಕಳಿಸಿದರು. ಮರುದಿನ ಗಾಳಿ ಎದ್ದಿತು. ಆಮೇಲೆ ಬೋಟು ವಾಲಿತು. ಶಿವರಾತ್ರಿಯ ಹೊತ್ತಿಗೆ, ಬೋಟು ಇನ್ನೇನು ಮಗುಚಬೇಕು ಎನ್ನುವಾಗ ಗುಡ್ಡ ಕತ್ತಿ ಹಿರಿದು, ಸಿಕ್ಕಿಕೊಂಡ ಬೆರಳನ್ನು ತಾನೇ ಕಡಿದು ಕಡಲಿಗೆ ಅರ್ಪಿಸಿ, ಎಲ್ಲರ ಪ್ರಾಣ ಉಳಿಸಿದ್ದ! ಇದನ್ನು ಹೇಳುವಾಗ ಅವನು ಎದ್ದು ನಿಂತು ಒಂದು ಸುತ್ತು ತಿರುಗುತ್ತಿದ್ದ. ಬೋಟು ನಡೆಸುವ ತಾಂಡೇಲ ಸೂರನಿಗೆ ನಿಜ ಗೊತ್ತಿತ್ತು. ಆದರೆ ಅಂಥ ವೀರನ ತಾಂಡೇಲನೆಂದು ಅವನಿಗೂ ಚಹಾ ಪುಕ್ಕಟೆ ಸಿಗುತ್ತಿದ್ದುದರಿಂದ ಬೀಡಿ ಸೇದುತ್ತ ಸುಮ್ಮನಿದ್ದ.

ಮನೆಯಲ್ಲಿ ಮಾತ್ರ ಈ ವೀರನಿಗೆ ಮೂರು ಕಾಸಿನ ಬೆಲೆ ಇರಲಿಲ್ಲ. ಹೆಂಡತಿ ಪದ್ದು ತಲೆಯ ಮೇಲೆ ಬುಟ್ಟಿ ಹೊತ್ತು, ಮೀನು ಮಾರಿ ಒಲೆ ಉರಿಸುತ್ತಿದ್ದಳು. ಹೆಬ್ಬೆರಳಿಲ್ಲದವನು ಹಗ್ಗ ಹಿಡಿಯಲಾರ ಎಂದು ಯಾವ ಬೋಟಿನವರೂ ಗುಡ್ಡನನ್ನು ಕರೆಯಲಿಲ್ಲ. ಉಳಿದದ್ದು ಒಂದೇ ಆಸೆ. ಮೀನುಗಾರರ ಸಂಘ ಸದಸ್ಯರಿಗೆಲ್ಲ ಅಪಘಾತ ವಿಮೆ ಮಾಡಿಸಿತ್ತು. ಸತ್ತರೆ ಪೂರ್ತಿ ಹಣ. ಎರಡೂ ಕೈಯೋ ಎರಡೂ ಕಣ್ಣೋ ಹೋದರೂ ಪೂರ್ತಿ. ಒಂದು ಹೋದರೆ ಅರ್ಧ. ಹೆಬ್ಬೆರಳಿಗೆ ಕಾಲು ಭಾಗ. ಅದು ಬಂದರೆ ಹಳೆಯದೊಂದು ಎಂ-ಎಯ್ಟಿ ಗಾಡಿ ಕೊಂಡು, ಹಿಂದೆ ಮೀನಿನ ಪೆಟ್ಟಿಗೆ ಕಟ್ಟಿ, ಊರೂರು ಮಾರಬಹುದು. ಬಾರದಿದ್ದರೆ ಪದ್ದುವಿನ ತಲೆಯಿಂದ ಬುಟ್ಟಿ ಇಳಿಯುವುದಿಲ್ಲ.

ಏಪ್ರಿಲ್‌ನ ಒಂದು ಬೆಳಿಗ್ಗೆ ವಿಮೆಯ ಕಡೆಯಿಂದ ವಿಚಾರಣೆಗೆ ಶಾಮರಾಯರು ಬಂದರು. ಕೋಟದವರು, ದಪ್ಪ ಕನ್ನಡಕ, ಬೆವರಿದ ಅಂಗಿ. ಚಪ್ಪರದಲ್ಲಿ ಗುಡ್ಡನ ಮನೆ ಕೇಳಿದ್ದೇ ತಡ, ಬಲೆ ಹೊಲಿಯುತ್ತಿದ್ದವರೆಲ್ಲ, ತಾಂಡೇಲ ಸೂರನೂ ಸೇರಿ, ಎದ್ದು, ದಾರಿಯುದ್ದಕ್ಕೂ ಅವನ ಪರಾಕ್ರಮ ಹೊಗಳುತ್ತ, ಮೆರವಣಿಗೆಯಲ್ಲಿ ಅವರನ್ನು ಅಂಗಳಕ್ಕೆ ಮುಟ್ಟಿಸಿದರು.

ಅಷ್ಟು ಜನ ಕಂಡದ್ದೇ ಗುಡ್ಡನಿಗೆ ಆವೇಶ ಬಂತು. ಗಾಳಿ ಎದ್ದಿತು, ಬೋಟು ವಾಲಿತು, ಕತ್ತಿ ಹೊರಬಂತು.

"ನಾ ಕಡ್ದೇ ಬಿಟ್ಟೆ ರಾಯ್ರೆ! ಒಂದೇ ಪೆಟ್ಟ್!"

ಶಾಮರಾಯರು ಪೆನ್ನಿನ ಮುಚ್ಚಳ ಹಾಕಿದರು. "ಭಾರೀ ಲಾಯ್ಕ್ ಆಯ್ತ್ ಮಾರಾಯಾ. ಆದ್ರೆ ದುಡ್ಡ್ ಸಿಕ್ಕುದಿಲ್ಲೆ."

"ಎಂತಕೆ?"

"ಅಪಘಾತ ಅಂದ್ರೆ ಬ್ಯಾಡ ಅಂದ್ರೂ ಆಪ್ದ್. ನೀನೇ ಬೇಕಂದ್ ಕಡ್ಕಂಡ್ರೆ ಅದಕ್ಕೆ ವಿಮೆ ಇಲ್ಲೆ."

ಮೀನಿಗೆ ಹೊರಟಿದ್ದ ಪದ್ದು ಬುಟ್ಟಿಯನ್ನು ದೊಪ್ಪೆಂದು ಇಳಿಸಿದಳು.

"ಹ್ವಾಯ್, ಆ ಕತ್ತಿ ಒಳ್ಗ್ ಹಾಕಿ. ಇದ್ದದ್ ಇದ್ದಾಂಗ್ ಹೇಳಿ. ಇಲ್ದಿರೆ ನಾಳಿಂದ ಬುಟ್ಟಿ ನೀವೇ ಹೊತ್ಕಣಿ."

ಗುಡ್ಡ ಜನರತ್ತ ನೋಡಿದ. "ಇವ್ರೆಲ್ಲ ಮನಿಗ್ ಹೋಯ್ಲಿ."

"ಎಂತಕೆ? ಸುಳ್ಳ್ ಕೇಂಬುಕೆ ಬಂದವ್ರ್ ನಿಜವನ್ನೂ ಕೇಣ್ಲಿ," ಎಂದಳು ಪದ್ದು.

ವೀರನು ಒಮ್ಮೆ ಬುಟ್ಟಿಯನ್ನೂ ಒಮ್ಮೆ ತನ್ನ ಕೀರ್ತಿಯನ್ನೂ ತೂಗಿ ನೋಡಿ, ಬುಟ್ಟಿಯೇ ಭಾರವೆಂದು ಬಾಯಿಬಿಟ್ಟ.

ಅಂದು ಗಾಳಿ ಇರಲಿಲ್ಲ. ಕಡಲು ಎಣ್ಣೆ ಸುರಿದ ಹಾಗೆ ತಣ್ಣಗಿತ್ತು. ಎಲ್ಲರೂ ಗಂಜಿ ಉಂಡು ಕೂತಾಗ ಜೊತೆಗಾರ ಶೀನ ಯಕ್ಷಗಾನದ ಪದ ಎತ್ತಿಕೊಂಡ. ಪದಕ್ಕೆ ಚಂಡೆ ಬೇಡವೇ? ಗುಡ್ಡ ವಿಂಚಿನ ಮೇಲಿದ್ದ ಹಗ್ಗದ ಸುರುಳಿಯನ್ನೇ ಚಂಡೆ ಮಾಡಿಕೊಂಡು, ಕಣ್ಣು ಮುಚ್ಚಿ ಬಡಿಯತೊಡಗಿದ. ಬಲೆ ಎಳೆಯುವ ಹೊತ್ತಾಯಿತೆಂದು ಸೂರ ಕೂಗಿ ಹೇಳಿಯೇ ವಿಂಚು ತಿರುಗಿಸಿದ. ಎಲ್ಲರೂ ಸರಿದರು. ಚಂಡೆಯವನೊಬ್ಬನಿಗೆ ಕೇಳಲಿಲ್ಲ.

ಅಂಗಳ ಬಿದ್ದು ಬಿದ್ದು ನಕ್ಕಿತು. ಶಾಮರಾಯರು ನಗಲಿಲ್ಲ.

"ಕುಡ್ದಿದ್ಯಾ?"

"ಗಂಜಿ ತಿಳಿ ಬಿಟ್ರೆ ಎಂತದೂ ಇಲ್ಲೆ."

"ಸೂರ, ಇವ ಹೇಳದ್ದ್ ಹೌದಾ?"

"ಹೌದ್ ರಾಯ್ರೆ," ಎಂದ ಸೂರ, ಪುಕ್ಕಟೆ ಚಹಾಕ್ಕೆ ಮನಸ್ಸಿನಲ್ಲೇ ಕೈಮುಗಿದು. "ಬಾರ್ಸುದೂ ಭಾರೀ ಕೆಟ್ಟದಿತ್ತ್."

ಶಾಮರಾಯರು ಚೀಲದಿಂದ ಆಸ್ಪತ್ರೆಯ ಕಾಗದ ತೆಗೆದರು. ಕತ್ತಿಯ ಗಾಯವಲ್ಲ, ಯಂತ್ರಕ್ಕೆ ಸಿಕ್ಕಿ ಜಜ್ಜಿದ್ದು ಎಂದು ಡಾಕ್ಟರು ಅದರಲ್ಲಿ ಮೊದಲೇ ಬರೆದಿದ್ದರು. "ಈಗ ಕಾಗದವೂ ನಿನ್ ಮಾತೂ ಒಂದೇ ಆಯ್ತ್ ಕಾಣ್. ಹೆಡ್ಡತನಕ್ಕೆ ವಿಮೆಯೊಳ್ಗ್ ಅಡ್ಡಿ ಇಲ್ಲೆ ಮಾರಾಯಾ. ವೀರತನಕ್ಕೇ ತೊಂದ್ರೆ."

ಮಳೆಗಾಲಕ್ಕೆ ಮೊದಲೇ ಹಣ ಬಂತು, ಗಾಡಿಯೂ ಬಂತು. ಕ್ಲಚ್ ಹಿಡಿಯಲು ನಾಲ್ಕು ಬೆರಳು ಧಾರಾಳ ಸಾಕಾಯಿತು. ಪದ್ದು ಅಂಗಳದಲ್ಲಿ ಕಾಲು ಚಾಚಿ ಕೂತು, ಎಷ್ಟೋ ತಿಂಗಳ ಮೇಲೆ ಎಲೆ ಅಡಿಕೆಯನ್ನು ನಿಧಾನವಾಗಿ ಜಗಿದಳು. ಅವಳ ಬುಟ್ಟಿ ಕೋಳಿ ಮುಚ್ಚುವ ಕೆಲಸಕ್ಕೆ ಹೋಯಿತು.

ಬೀಜಾಡಿಯಲ್ಲಿ ಗುಡ್ಡನ ಹೆಸರು ಅಂದಿನಿಂದ ಚಂಡೆ ಗುಡ್ಡ. ಆದರೆ ಎಂ-ಎಯ್ಟಿಗೆ ಬೀಜಾಡಿಯೊಂದೇ ಊರೇ? ಘಟ್ಟದ ಬುಡದ ಅಮಾಸೆಬೈಲಿನಲ್ಲಿ ಹಾರ್ನ್ ಒತ್ತಿ ನಿಂತ ಮೊದಲ ದಿನವೇ, ಬಂಗುಡೆ ಆರಿಸುತ್ತಿದ್ದ ಬಾಗಿ ಎಂಬ ಮುದುಕಿ ಅವನ ಕೈ ನೋಡಿದಳು.

"ಬೆರಳಿಗ್ ಎಂತ ಆಯ್ತ್ ಮಗಾ?"

ಗುಡ್ಡ ರಸ್ತೆಯ ಆ ಕಡೆ ನೋಡಿದ, ಈ ಕಡೆ ನೋಡಿದ. "ನಿಮ್ಮನಿಯೊಳ್ಗ್ ವಿಮೆ ಆಫೀಸಿನವ್ರ್ ಯಾರೂ ಇಲ್ಲೆ ಅಲ್ದಾ, ಅಮ್ಮ?"

"ಇಲ್ಲಪ್ಪ."

ಗುಡ್ಡ ಗಾಡಿಗೆ ಸ್ಟ್ಯಾಂಡ್ ಹಾಕಿದ. ಎಲೆಯೊಂದೂ ಅಲುಗದ ಅಮಾಸೆಬೈಲಿನಲ್ಲಿ ಭಯಂಕರ ಗಾಳಿ ಎದ್ದಿತು.