ಮದ್ದು ಹಚ್ಚದ ಐದು ಮರಗಳು

ನಾನು ತಿಪಟೂರಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ. ಹಿಂದಿನ ವರ್ಷದವರ ಚಿತ್ರಗಳನ್ನೇ ಮಕ್ಕಳು ರೆಕಾರ್ಡ್ ಪುಸ್ತಕಕ್ಕೆ ಇಳಿಸುವುದನ್ನು ನೋಡಿ ನೋಡಿ ಬೇಸತ್ತು, ಒಂದು ವರ್ಷ ಅಂತಿಮ ಬಿ.ಎಸ್ಸಿ. ತರಗತಿಗೆ ನನಗೂ ಉತ್ತರ ಗೊತ್ತಿಲ್ಲದ ಪ್ರಶ್ನೆಯೊಂದನ್ನು ಕೊಟ್ಟೆ. ತೆಂಗಿನ ಕಾಂಡದಿಂದ ಕೆಂಗಂದು ರಸ ಸೋರುವ ರೋಗ ನಮ್ಮ ಕಡೆ ಎಲ್ಲರೂ ಕಂಡದ್ದೇ. ನಮ್ಮ ಲ್ಯಾಬಿನಲ್ಲೇ ಬೆಳೆಸಿದ, ರೋಗ ತಡೆಯುವ ಶಿಲೀಂಧ್ರವೊಂದನ್ನು ಮುಲಾಮಿನಂತೆ ಕಲಸಿ ಹಚ್ಚಿದರೆ ಎಷ್ಟು ಗುಣವಾದೀತು?

ಮರ ಕೊಟ್ಟವಳು ಕಂದಿಕೆರೆ ಕಡೆಯಿಂದ ಬರುತ್ತಿದ್ದ ವಿದ್ಯಾರ್ಥಿನಿ. ಅವಳ ಅಮ್ಮ ನೋಡಿಕೊಳ್ಳುತ್ತಿದ್ದ ತೋಟದಲ್ಲಿ ರೋಗ ತಗುಲಿದ ಹತ್ತು ಮರಗಳಿದ್ದವು. ಐದಕ್ಕೆ ಮದ್ದು, ಐದಕ್ಕೆ ಏನೂ ಇಲ್ಲ. ಹಾಗೆ ಬಿಡದಿದ್ದರೆ ಯಾವುದರ ಜೊತೆ ಹೋಲಿಸುವುದು ಎಂದು ಅವಳ ಅಮ್ಮನಿಗೆ ನಾನೇ ಬಿಡಿಸಿ ಹೇಳಿದೆ. ಬೇರೆ ಯಾವ ಔಷಧಿಯನ್ನೂ ಹಚ್ಚುವುದಿಲ್ಲವೆಂದು ಆಕೆ ಒಪ್ಪಿದರು.

ಹದಿನೈದು ದಿನಕ್ಕೊಮ್ಮೆ ಮಕ್ಕಳು ಹೋಗಿ ಸೋರಿಕೆಯ ಕಲೆಯನ್ನು ಟೇಪಿನಲ್ಲಿ ಅಳೆದು ಬರುತ್ತಿದ್ದರು. ತರಗತಿಯಲ್ಲಿ ಬಾಯಿ ಬಿಡದವರೂ ಅರ್ಧ ಸೆಂಟಿಮೀಟರಿಗಾಗಿ ಜಗಳವಾಡತೊಡಗಿದರು. ನನಗೆ ಹಿಗ್ಗೋ ಹಿಗ್ಗು.

ಐದನೆಯ ಅಳತೆಯ ಹೊತ್ತಿಗೆ ಉತ್ತರ ಸಿಕ್ಕಿತ್ತು. ಮದ್ದು ಕಂಡ ಮರಗಳಲ್ಲಿ ಕಲೆ ಒಣಗುತ್ತಿತ್ತು, ಉಳಿದವುಗಳಲ್ಲಿ ಮೇಲಕ್ಕೇರುತ್ತಿತ್ತು. ಆ ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ಮೇಡಂ, ಇನ್ನು ಆ ಐದಕ್ಕೂ ಹಚ್ಬೋದಾ? ಅಮ್ಮ ಕೇಳ್ತವ್ರೆ," ಎಂದಳು.

"ಇನ್ನೆರಡು ಅಳತೆ ಆಗ್ಲಿ. ಆಮೇಲೆ ನಾನೇ ಹೇಳ್ತೀನಿ," ಎಂದೆ. ಗ್ರಾಫಿನ ಎರಡು ಗೆರೆಗಳು ಇನ್ನಷ್ಟು ದೂರ ಸರಿಯಲಿ ಎಂಬ ಆಸೆ. ಬೇರೆ ಕಾರಣವೇನೂ ಇರಲಿಲ್ಲ.

ಆ ಎರಡು ಅಳತೆಗಳೂ ಮುಗಿದವು. ವರದಿ ಬರೆದೆವು. ವಿಚಾರ ಸಂಕಿರಣದಲ್ಲಿ ಮಕ್ಕಳು ಚೆನ್ನಾಗಿ ಮಾತಾಡಿದರು, ಚಪ್ಪಾಳೆ ಬಿತ್ತು. ಆಮೇಲೆ ಪರೀಕ್ಷೆ, ಮೌಲ್ಯಮಾಪನ, ರಜೆ. ಹೇಳುತ್ತೇನೆ ಎಂದಿದ್ದನ್ನು ನಾನು ಮರೆತೇಬಿಟ್ಟೆ.

ಕಾಲೇಜು ತೆರೆದ ಮೇಲೆ ಹೊಸ ಬ್ಯಾಚಿಗೆ ತೋರಿಸಲು ಫೋಟೊ ಬೇಕೆನಿಸಿ ಆ ತೋಟಕ್ಕೆ ಹೋದೆ. ಮದ್ದಿಲ್ಲದ ಐದರಲ್ಲಿ ಎರಡು ಮರಗಳ ಗರಿಗಳು ಒಣಗಿ ಜೋತುಬಿದ್ದಿದ್ದವು. ಇನ್ನೂ ಯಾಕೆ ಏನೂ ಹಚ್ಚಿಲ್ಲ ಎಂದು ಅವಳ ಅಮ್ಮನನ್ನು ಕೇಳಿಯೂಬಿಟ್ಟೆ.

"ನೀವೇ ಹೇಳ್ತೀನಿ ಅಂದಿದ್ರಂತಲ್ಲ ಮೇಡಂ. ಅದುಕ್ಕೇ ಮುಟ್ನಿಲ್ಲ ಕಣ್ರೀ. ಹುಡುಗ್ರ ಓದು ಕೆಡಬಾರ್ದು ಅಂತ."

ಆ ದನಿಯಲ್ಲಿ ದೂರಿರಲಿಲ್ಲ. ಪಕ್ಕದಲ್ಲಿದ್ದ ಮಗಳಿಗೆ, ಒಂದು ಫೋನ್ ಮಾಡಬಾರದಿತ್ತೆ ಎಂದೆ. ಅವಳು ನೆಲ ನೋಡುತ್ತಾ, "ಪರೀಕ್ಷೆ ಆದ್ಮೇಲೆ ಒಂದ್ಸಲ ಮಾಡಿದ್ದೆ ಮೇಡಂ. ನೀವು ಎತ್ಲಿಲ್ಲ," ಎಂದಳು.

ಫೋಟೊ ತೆಗೆಯಲಿಲ್ಲ. ತಪ್ಪು ನನ್ನದೆಂದು ಹೇಳಿದೆ. ಅವಳ ಅಮ್ಮ ಅದನ್ನು ಕಿವಿಗೆ ಹಾಕಿಕೊಳ್ಳದೆ ಕುಡಿಯಲು ಮಜ್ಜಿಗೆ ತಂದರು. ಮರುದಿನ ಮದ್ದು ಕಲಸಿಕೊಂಡು ಒಬ್ಬಳೇ ಹೋಗಿ, ಕೊಳೆತ ತೊಗಟೆ ಕೆತ್ತಿ ಐದಕ್ಕೂ ಹಚ್ಚಿದೆ. ಮೂರು ಉಳಿದವು. ಎರಡನ್ನು ಕಡಿಸಬೇಕಾಯಿತು.

ಈಗಲೂ ತರಗತಿಯಲ್ಲಿ ಸಂಶೋಧನೆ ಮಾಡಿಸುತ್ತೇನೆ. ಮದ್ದಿಲ್ಲದ ಮರಗಳಿಗೆ ಮದ್ದು ಹಚ್ಚುವ ದಿನವನ್ನು ಮೊದಲೇ ಬರೆದು ತೋಟದವರ ಕೈಗೆ ಕೊಡುತ್ತೇವೆ. ಆ ಹುಡುಗಿ ಎಂ.ಎಸ್ಸಿ. ಸೇರಿದ್ದಾಳೆ. ಹಬ್ಬಗಳಿಗೆ ತಪ್ಪದೆ ಮೆಸೇಜು ಕಳಿಸುತ್ತಾಳೆ. ಉತ್ತರ ಬರೆಯಲು ನನಗೆ ಪ್ರತಿ ಸಲವೂ ಒಂದೆರಡು ದಿನ ಹಿಡಿಯುತ್ತದೆ.