ಅಕ್ಕಿ ಡಬ್ಬಿಯಲ್ಲಿಟ್ಟ ಪುಸ್ತಕ

ನೇರವಾಗಿ ಹೇಳಿಬಿಡುತ್ತೇನೆ: ಲೈಬ್ರರಿಯ ಒಂದು ಮಕ್ಕಳ ಪುಸ್ತಕವನ್ನು ಎರಡು ತಿಂಗಳು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟಿದ್ದೆ. ಮಗಳ ಕೈಗೆ ಸಿಗಬಾರದು ಅಂತ.

ಡಚ್ ಕಥೆ. ಆಸ್ಪತ್ರೆಯಲ್ಲಿ ಸಾಯುತ್ತಿರುವ ಹುಡುಗ ತಂಗಿಯನ್ನು ಕರೆಯುತ್ತಾನೆ. ತಾಯಿ ಅವಳನ್ನು ಕರೆತರುವುದಿಲ್ಲ. ನೆದರ್‌ಲ್ಯಾಂಡ್ಸಿನಲ್ಲಿ ನಾವಿರುವ ಊರು ವೂರ್‌ಬರ್ಗ್‌ನ ಲೈಬ್ರರಿಯಲ್ಲಿ ಮಗಳಿಗೆ ಪುಸ್ತಕ ಹುಡುಕುವಾಗ ಆ ಪುಟ ಓದಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಸಾಯುವ ಮುಂಚೆ ನನ್ನ ಮಗನೂ ತಂಗಿಯನ್ನು ಕರೆದಿದ್ದ. ಮಕ್ಕಳು ಸಾವು ನೋಡಬಾರದು ಎಂಬುದು ನಮ್ಮ ಮನೆಯ ಪದ್ಧತಿ. ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟಿದ್ದೆ. ಮೂರು ವರ್ಷವಾಯಿತು, ಅವನು ಕರೆದದ್ದು ಅವಳಿಗೆ ಗೊತ್ತಿಲ್ಲ. ಕುಕ್ಕರ್ ಕೂಗುವ ಮುಂಚಿನ ಆ ಸಣ್ಣ ಸಿಳ್ಳಿನಲ್ಲಿ ನನಗೆ ಈಗಲೂ ಅವನ ದನಿ ಕೇಳುತ್ತದೆ. ಒಲೆ ಆರಿಸಿಬಿಡುತ್ತೇನೆ, ಅನ್ನ ಬೇಯದಿದ್ದರೂ ಸರಿ.

ಅವಧಿ ಮುಗಿದಾಗಲೆಲ್ಲ ಫೋನಿನಲ್ಲೇ ರಿನ್ಯೂ ಮಾಡುತ್ತಿದ್ದೆ. ಒಂದು ಶನಿವಾರ ಆಗಲಿಲ್ಲ. ಯಾರೋ ರಿಸರ್ವ್ ಮಾಡಿದ್ದರು. ಪುಸ್ತಕ ಹಿಡಿದು ಓಡಿದೆ. ಶನಿವಾರ ಕೌಂಟರಿನಲ್ಲಿ ಸ್ವಯಂಸೇವಕಿಯಾಗಿ ಕೂರುವವರು ಪರಿಚಯದ ಧಾರವಾಡದ ಅಕ್ಕ.

"ಅಕ್ಕಾ, ಇದನ್ನ ಶೆಲ್ಫಿಂದಾನೇ ತೆಗೆಸ್ಬಿಡಿ. ಮಕ್ಕಳು ಓದೋದಲ್ಲ ಇದು."

"ಹಂಗ ತೆಗೀಲಿಕ್ಕೆ ಬರೂದಿಲ್ಲ ತಂಗಿ. ಏನಿಡಬೇಕು ಅನ್ನೂದು ಲೈಬ್ರರಿನ ನೋಡ್ತದ, ಇಲ್ಲೆ ಕಾನೂನನ ಹಂಗದ. ಮೇಯರ್ ಬಂದು ಕೇಳಿದ್ರೂ ಅಷ್ಟ, ನೀ ಕೇಳಿದ್ರೂ ಅಷ್ಟ."

"ಯಾರಿಗೆ ಬೇಕಂತೆ?"

"ಅದನ್ನೂ ಹೇಳೂದಿಲ್ಲ. ನೀ ಎರಡ ತಿಂಗಳಿಂದ ಹಿಡಕೊಂಡು ಕೂತೀ ಅಂತ ಅವರಿಗೇನ ಹೇಳೀನೇನು?"

ನಕ್ಕು ಸ್ಕ್ಯಾನ್ ಮಾಡಿಕೊಂಡರು. ನನಗೆ ನಗು ಬರಲಿಲ್ಲ.

ಬುಧವಾರ ಶಾಲೆ ಅರ್ಧ ದಿನ. ಮಗಳು ಸೈಕಲ್ ನಿಲ್ಲಿಸಿ ಬಂದವಳೇ ಚೀಲದಿಂದ ಅದೇ ಪುಸ್ತಕ ತೆಗೆದಳು. ಓದು ಅಂತ ಕ್ಲಾಸಿನ ಹುಡುಗಿಯೊಬ್ಬಳು ಹೇಳಿದ್ದಳಂತೆ, ಇವಳೇ ರಿಸರ್ವ್ ಮಾಡಿದ್ದಳಂತೆ. ಊಟದ ಮೇಜಿನ ಮೇಲೆ ಬಿಡಿಸಿದಾಗ ಎರಡು ಅಕ್ಕಿಕಾಳು, ಒಂದು ಒಣಗಿದ ಬೇವಿನೆಲೆ ಉದುರಿದವು. ಅಕ್ಕಿಗೆ ಹುಳ ಬೀಳದಿರಲಿ ಎಂದು ನಮ್ಮಮ್ಮ ಮೈಸೂರಿನಿಂದ ಕೊಟ್ಟು ಕಳಿಸಿದ ಎಲೆ. ಈ ಬೀದಿಯಲ್ಲಿ ಬೇರೆ ಯಾರ ಮನೆಯಲ್ಲಿರುತ್ತದೆ?

ಮಗಳು ಎಲೆಯನ್ನು ನೋಡಿದಳು. ನನ್ನನ್ನು ನೋಡಲಿಲ್ಲ. ಓದತೊಡಗಿದಳು. ಕುಕ್ಕರ್ ಇಟ್ಟು, ಒಲೆಯ ಕಡೆ ಮುಖ ಮಾಡಿ, ಪುಟ ಮಗುಚುವ ಸದ್ದು ಕೇಳುತ್ತಾ ನಿಂತೆ. ಒಂದು ಕಡೆ ಆ ಸದ್ದು ನಿಂತಿತು.

ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರಿಸುವವಳು ಕನ್ನಡದಲ್ಲಿ ಕೇಳಿದಳು: "ಅಮ್ಮಾ, ಅಣ್ಣ ನನ್ನ ಕರೆದ್ನಾ?"

ಕುಕ್ಕರ್ ಸಣ್ಣಗೆ ಸಿಳ್ಳಿಡುತ್ತಿತ್ತು. ಕೈ ಗುಂಡಿಯ ತನಕ ಹೋಯಿತು, ಆರಿಸಲಿಲ್ಲ.

"ಕರೆದ ಕಂದಾ. ಎರಡು ಸಲ. ನಾನೇ ನಿನ್ನ ಕರ್ಕೊಂಡ್ ಬರ್ಲಿಲ್ಲ."