ಶಾರ್ತ್ರ್ ನಗರದಲ್ಲಿ ಒಂದು ಭಾನುವಾರ

ರಿಗ್ಗೈ ಬಡಾವಣೆಯ ನಮ್ಮ ಮನೆಗೆ ಭಾನುವಾರವು ಶುಕ್ರವಾರವೇ ಬರುತ್ತದೆ. ಕುವೈತಿನಲ್ಲಿ ವಾರದ ರಜೆ ಅಂದು; ಆದ್ದರಿಂದ ಭಾನುವಾರದ ಬಲಿಪೂಜೆಯನ್ನು ನಮ್ಮ ಇಗರ್ಜಿಯಲ್ಲಿ ಶುಕ್ರವಾರವೇ ಅರ್ಪಿಸುತ್ತಾರೆ. ಭಾನುವಾರ ಬೆಳಿಗ್ಗೆ ನಾನು ಕಚೇರಿಯಲ್ಲಿರುತ್ತೇನೆ, ಹೆಂಡತಿ ಜಾಬ್ರಿಯಾದ ಆಸ್ಪತ್ರೆಯ ವಾರ್ಡಿನಲ್ಲಿ. ಮೂವತ್ತು ವರ್ಷ ಹೀಗೆ ನಡೆದ ಮೇಲೆ ಮನಸ್ಸಿನ ಪಂಚಾಂಗವೇ ಬದಲಾಗಿರುತ್ತದೆಂಬುದು ಫ್ರಾನ್ಸಿಗೆ ಹೋಗುವವರೆಗೆ ನನಗೆ ತಿಳಿದಿರಲಿಲ್ಲ.

ಹಿಂದಿನ ವರ್ಷ ಅವಳು ತಾನು ದುಡಿಯುವ ಆಸ್ಪತ್ರೆಯಲ್ಲೇ ಹೃದಯದ ಶಸ್ತ್ರಚಿಕಿತ್ಸೆಗೆ ಮಲಗಿದಳು. ಹೊರಗೆ ಜಪಮಾಲೆ ಹಿಡಿದು ಕುಳಿತಿದ್ದ ನಾನು ಹರಕೆ ಹೊತ್ತೆ: ಇವಳು ತನ್ನ ಕಾಲ ಮೇಲೆ ನಿಂತರೆ, ಫ್ರಾನ್ಸಿನ ಶಾರ್ತ್ರ್ ನಗರದ ದೇವಮಾತೆಯ ಮಹಾದೇವಾಲಯದಲ್ಲಿ ಇಬ್ಬರೂ ಒಟ್ಟಿಗೆ ಭಾನುವಾರದ ಪೂಜೆಯಲ್ಲಿ ಪಾಲ್ಗೊಳ್ಳುವೆವು. ಪಾದ್ರಿಯಾಗಲೆಂದು ಸೇರಿ ಅರ್ಧಕ್ಕೆ ಬಿಟ್ಟ ಸೆಮಿನರಿಯಲ್ಲಿ ಲ್ಯಾಟಿನ್ ಕಲಿಸಿದ ಗುರುಗಳು ಅಲ್ಲಿನ ನೀಲಿ ಗಾಜಿನ ಕಿಟಕಿಗಳನ್ನು ವರ್ಣಿಸಿದ್ದು ಎಂದೂ ಮರೆತಿರಲಿಲ್ಲ.

ಅವಳು ಎದ್ದಳು. ನಾನು ಪ್ರವಾಸದ ಪಟ್ಟಿಗಳನ್ನು ತಾಳೆ ನೋಡಿ, ಗುರುವಾರ ಸಂಜೆ ಶಾರ್ತ್ರ್ ಸೇರಿ ಶನಿವಾರ ಬೆಳಿಗ್ಗೆ ಹೊರಡುವ ತಂಡವನ್ನೇ ಆರಿಸಿದೆ. ನಡುವೆ ಶುಕ್ರವಾರ ಪೂರ್ತಿ ಸಿಗುತ್ತದೆಂಬ ಸಮಾಧಾನ.

ಆ ಶುಕ್ರವಾರ ನಾನು ಇಸ್ತ್ರಿಯ ಅಂಗಿ ತೊಟ್ಟು, ಅವಳು ರೇಷ್ಮೆ ಸೀರೆ ಉಟ್ಟು ದೇವಾಲಯವನ್ನು ಹೊಕ್ಕೆವು. ಕುರ್ಚಿಗಳನ್ನೆಲ್ಲ ಬದಿಗೆ ಸರಿಸಿದ್ದರು. ನೆಲಗಲ್ಲಿನಲ್ಲಿ ಕೂಡಿಸಿದ ದೊಡ್ಡದೊಂದು ಸುತ್ತುದಾರಿಯ ಮೇಲೆ ಯಾತ್ರಿಕರು ಮೌನವಾಗಿ, ಕೆಲವರು ಬರಿಗಾಲಿನಲ್ಲಿ, ನಡೆಯುತ್ತಿದ್ದರು. ಪೂಜೆಯ ಸುಳಿವಿಲ್ಲ. ಅರ್ಧ ಗಂಟೆ ಕಾದೆವು.

"ಇವತ್ತು ಯಾವ ವಾರ ಮಾರಾಯ್ರೆ?" ಎಂದಳು ಅವಳು ಮೆಲ್ಲಗೆ.

"ಶುಕ್ರವಾರ" ಎಂದೆ. ಎಂದ ಮೇಲೆ ಹೊಳೆಯಿತು.

ಅವಳು ಕಂಬ ಹಿಡಿದುಕೊಂಡು ನಕ್ಕಳು. "ಸೆಮಿನರಿಯಲ್ಲಿ ಏಳು ವರ್ಷ ಓದಿದವರು ನೀವು. ನಮ್ಮ ಕುವೈತಿನ ಭಾನುವಾರ ಈ ಫ್ರಾನ್ಸಿನವರಿಗೆ ಗೊತ್ತಿಲ್ಲ ಕಾಣ್ತದೆ, ಒಂದು ಕಾಗದ ಬರೀರಿ."

ತಂಡವನ್ನು ಕರೆತಂದವರು ಬಂಟ್ವಾಳದ ಕಡೆಯ ಬ್ಯಾರಿ ಮುಸ್ಲಿಮರು, ಕುವೈತಿನಲ್ಲೇ ತಲೆ ನರೆತವರು. ವಿಷಯ ಕೇಳಿ ಗಡ್ಡ ನೀವಿಕೊಂಡರು.

"ಜುಮಾ ನಮಾಜಿನ ದಿನ ಇಗರ್ಜಿಯಲ್ಲಿ ಪೂಜೆ ಹುಡುಕಿದ್ದೀರಿ ಸರ್, ಮೊದಲೇ ಒಂದು ಮಾತು ಕೇಳ್ಬಾರ್ದಿತ್ತಾ? ಬಸ್ ನಾಳೆ ಎಂಟಕ್ಕೆ ಹೊರಡ್ತದೆ, ಖಲಾಸ್. ಕೆಳಗೆ ನೆಲಮಾಳಿಗೆಯಲ್ಲಿ ಮಧ್ಯಾಹ್ನ ಸಣ್ಣ ಪೂಜೆ ಉಂಟಂತೆ. ಅದು ಸಾಕಾಗುದಿಲ್ವಾ?"

"ದೇವರಿಗೆ ಸಾಕಾದೀತು. ನಾನು ಕೊಟ್ಟ ಮಾತಿಗೆ ಸಾಲದು. ನಾವು ಭಾನುವಾರದವರೆಗೆ ಇಲ್ಲೇ ಇರುತ್ತೇವೆ."

ಅವರು ಜೇಬಿನಿಂದ ಪ್ರವಾಸದ ಪಟ್ಟಿ ತೆಗೆದು ನೋಡಿದರು. "ಹರಕೆ ಅಂದ್ರೆ ಹರಕೆ, ನಮ್ಮಲ್ಲೂ ಹಾಗೇ. ಭಾನುವಾರ ಸಂಜೆ ರೈಲು ಹಿಡ್ದು ಪ್ಯಾರಿಸಿನ ಹೋಟೆಲಿಗೆ ಬನ್ನಿ. ಸೋಮವಾರದ ವಿಮಾನಕ್ಕೆ ಮಾತ್ರ ಹರಕೆಯ ಕತೆ ಹೇಳ್ಲಿಕ್ಕೆ ಆಗುದಿಲ್ಲ ಸರ್."

ಶನಿವಾರ ತಂಡವು ನದೀತೀರದ ಅರಮನೆಗಳನ್ನು ನೋಡುವುದಿತ್ತು. ಅವುಗಳ ಚಿತ್ರವನ್ನು ಹೆಂಡತಿ ಮನೆಯ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಂಡಿದ್ದಳು. ನನ್ನ ತಪ್ಪಿಗೆ ಅವಳ ಆಸೆಯನ್ನು ತೆರುತ್ತಿದ್ದೇನೆಂದು ಅರಿತು ಕ್ಷಮೆ ಕೇಳಿದೆ.

"ಹರಕೆ ಹೊತ್ತದ್ದು ನೀವು, ಬದುಕಿದ್ದು ನಾನು. ಇಲ್ಲೇ ಇರುವ" ಎಂದಳು.

ಬಸ್ಸು ಹೊರಟುಹೋಯಿತು. ರೈಲು ನಿಲ್ದಾಣದ ಎದುರಿಗೆ ಸಣ್ಣ ಕೋಣೆಯೊಂದು ಸಿಕ್ಕಿತು. ಹಳೆಯ ಪೇಟೆಯ ಇಳಿಜಾರಿನ ಓಣಿಗಳಲ್ಲಿ, ಅವಳು ದಣಿದಲ್ಲೆಲ್ಲ ಕುಳಿತು, ಶನಿವಾರವನ್ನು ಕಳೆದೆವು.

ಭಾನುವಾರ ಕುರ್ಚಿಗಳು ಸಾಲಾಗಿ ಮರಳಿದ್ದವು. ಸುತ್ತುದಾರಿ ಅವುಗಳ ಕೆಳಗೆ ಮುಚ್ಚಿಹೋಗಿತ್ತು. ಪೂಜೆ ಅರ್ಪಿಸಿದ ಗುರುಗಳು ಹೇಳಿದ ಉಪದೇಶದ ಫ್ರೆಂಚ್ ಒಂದಕ್ಷರವೂ ತಿಳಿಯಲಿಲ್ಲ. ಬಳಿಕ ವಿಶ್ವಾಸ ಸಂಗ್ರಹವೆಂಬ ಪ್ರಾರ್ಥನೆಯನ್ನು ಲ್ಯಾಟಿನ್ನಿನಲ್ಲಿ ಹಾಡತೊಡಗಿದರು. ಬಾಲ್ಯದಲ್ಲಿ ಕಂಠಪಾಠ ಮಾಡಿದ ಪದಗಳು ನನ್ನ ನಾಲಗೆಗೆ ತಾವಾಗಿಯೇ ಬಂದವು. ಸಭೆಯೆಲ್ಲ ಎದ್ದಿತು. ಆಸ್ಪತ್ರೆಯಿಂದ ಬಂದಂದಿನಿಂದ ರೂಢಿಯಾದಂತೆ ಅವಳ ಮೊಣಕೈಗೆ ನನ್ನ ಕೈಯನ್ನು ಆಸರೆಯಾಗಿ ಕೊಟ್ಟೆ. ಅವಳು ಅದನ್ನು ಮೆಲ್ಲನೆ ಸರಿಸಿ, ಆ ದೀರ್ಘವಾದ ಹಾಡು ಮುಗಿಯುವವರೆಗೂ ಒಬ್ಬಳೇ ನಿಂತಳು.

ಹೊರಗೆ ಮೆಟ್ಟಿಲ ಮೇಲೆ ಅವಳು ನನ್ನ ಕಾಲರಿನ ಕೊಳೆ ನೋಡಿದಳು.

"ಐದು ದಿನದಲ್ಲಿ ನಮಗೆ ಪುನಃ ಭಾನುವಾರ ಬರ್ತದೆ. ಮನೆಗೆ ಹೋದ ಕೂಡ್ಲೇ ಈ ಅಂಗಿ ಒಗೀಬೇಕು."